ತಮ್ಮ ಶಾರ್ಜಾದಾಗ ಇದ್ದಾನ, ವೀಸಾ ಇನ್ನೂ ಪಕ್ಕಾ ಆಗಿಲ್ಲ. ಈಗೇ ಕಂಪನಿ ಬಿಟ್ಟು ಬ್ಯಾರೆ ಕಡೆ ಹೋಗಬಹುದಾ?

ಹುಮನಾಬಾದ್ ಅಕ್ಕ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ್ರಿ. ತಿಳಿದವರು ದಯಮಾಡಿ ಲಗೂನ ಉತ್ತರ ಕೊಡ್ರಿ, ಮನ್ಯಾಗ ಯಾರಿಗೂ ನಿದ್ದಿ ಇಲ್ಲ.

ನಮ್ಮ ತಮ್ಮ ಐಟಿಐ ಮುಗಿಸಿ ಎರಡು ವರ್ಷ ಬೀದರದಾಗ ಎ.ಸಿ. ರಿಪೇರಿ ಮಾಡಿದ. 26 ದಿನದ ಹಿಂದ ಹೈದರಾಬಾದಿಂದ ವಿಮಾನ ಹತ್ತಿ ಶಾರ್ಜಾಕ್ಕ ಹೋಗ್ಯಾನ. ಕಾಗದದ ಮ್ಯಾಲ ಎ.ಸಿ. ಟೆಕ್ನಿಷಿಯನ್, ತಿಂಗಳಿಗೆ 1,400 ದಿರ್ಹಮ್. ಅಲ್ಲಿ ಹೋದಮ್ಯಾಲ ಅವನ ಕೈಗೆ ಒಂದು ಎ.ಸಿ. ಸಹಿತ ಕೊಟ್ಟಿಲ್ಲ. ಡಕ್ಟಿನ (ಎ.ಸಿ. ಗಾಳಿ ಹೋಗೋ ಕೊಳವಿ) ತಗಡು ನಾಲ್ಕನೇ ಅಂತಸ್ತಿಗೆ ಹೊರೋದು, ಇಳಿಸೋದು, ಇದೇ ಕೆಲಸ. ಮೊನ್ನೆ ವಿಡಿಯೋ ಕಾಲ್‌ದಾಗ ಅಂಗೈ ತೋರಿಸಿದ, ತಗಡಿನ ಅಂಚು ಕೊಯ್ದು ಗೀರು ಗೀರು ಆಗ್ಯಾವ. ಅವ್ವ ನೋಡಿ ಫೋನು ನನ್ನ ಕೈಗೆ ಕೊಟ್ಟು ಒಳಗ ಹೋದಳು.

ಈಗ ಸಮಸ್ಯೆ ಏನಂದ್ರ, ಅವನ ರೂಮಿನಾಗ ಸೇಡಂ ಕಡೆ ಹುಡುಗ ಒಬ್ಬ ಇದ್ದಾನ. ಅವ ಇನ್ನೊಂದು ಕಂಪನಿ ತೋರಿಸ್ಯಾನ. 1,900 ಕೊಡ್ತಾರಂತ, ಎ.ಸಿ. ಕೆಲಸಾನೇ ಅಂತ. "ನಾಳಿಂದೇ ಬಾ, ವೀಸಾ ಆಮ್ಯಾಲ ಮಾಡಿಸೋಣ" ಅಂದಾರಂತ. ಇವನ ಮೆಡಿಕಲ್ ಆಗ್ಯಾದ, ಎಮಿರೇಟ್ಸ್ ಐಡಿಗೆ (ಅಲ್ಲಿನ ಗುರುತಿನ ಕಾರ್ಡು) ಬೆರಳು ಕೊಟ್ಟಿಲ್ಲ ಇನ್ನೂ. ಈಗಿನ ಕಂಪನಿ ಪಿ.ಆರ್.ಓ. (ವೀಸಾ ಕಾಗದ ನೋಡಿಕೊಳ್ಳಾಂವ) ಹತ್ರ ಸುಮ್ನ ಕೇಳಿದ್ದಕ್ಕ "ಹೋಗೋದಿದ್ರ 6,000 ದಿರ್ಹಮ್ ಇಟ್ಟು ಹೋಗು" ಅಂದನಂತ.

ವೀಸಾ ಆಗೋಕಿಂತ ಮುಂಚೆ ಬಿಟ್ಟರ ಛಲೋನೋ, ಆದಮ್ಯಾಲ ಬಿಟ್ಟರ ಛಲೋನೋ? ಅವ ಬರೋ ಶುಕ್ರವಾರ ಸಾಮಾನು ಕಟ್ಟತೀನಿ ಅಂತಾನ.

ಚಿಂಚೋಳಿ ಹುಡುಗ

ಅಕ್ಕಾ, ಅಂಜಬ್ಯಾಡ್ರಿ. ವೀಸಾ ಹೊಡದಮ್ಯಾಲ ಎರಡು ವರ್ಷ ಕಟ್ಟಿ ಹಾಕತಾರ. ಹೊಡಿಯೋಕಿಂತ ಮುಂಚೆನೇ ಹೋಗೋದು ಶಾಣ್ಯಾತನ. ನಾ ಅಜ್ಮಾನ್‌ದಾಗ ಇದ್ದಾಗ ನನ್ನ ಕಣ್ಣ ಮುಂದ ಮೂರು ಮಂದಿ ಹಂಗೇ ಹೋದ್ರು, ಏನೂ ಆಗಲಿಲ್ಲ. ಬಡವರಿಗೆ ತಿಂಗಳಿಗೆ 500 ದಿರ್ಹಮ್ ಹೆಚ್ಚು ಅಂದ್ರ ಸಣ್ಣ ಮಾತಲ್ಲ.

ಆಳಂದ ಕಾಕಾ

ತಂಗಿ, ಮೊದಲು ತಮ್ಮನಿಗೆ ಫೋನ್ ಮಾಡಿ ಶುಕ್ರವಾರ ಸಾಮಾನು ಕಟ್ಟಬ್ಯಾಡ ಅಂತ ಹೇಳು. ಆಮ್ಯಾಲ ಇದನ್ನ ಓದು.

ನಾ 14 ವರ್ಷ ದುಬೈ ದೇರಾದಾಗ ಟೈಪಿಂಗ್ ಸೆಂಟರ್‌ದಾಗ ಕುಂತು ಇವೇ ಕಾಗದ ಹೊಡದವ. ಚಿಂಚೋಳಿ ತಮ್ಮ ಹೇಳಿದ ಮೂರು ಮಂದಿಯಂಥವರನ್ನೂ ನೋಡೀನಿ. ಹಂಗ ಹೋದವರಾಗ ತಿಂಗಳು ಬಿಟ್ಟು ನನ್ನ ಮೇಜಿನ ಮುಂದ ಬಂದು, ಕಂಪ್ಯೂಟರ್‌ದಾಗ ತಮ್ಮ ಹೆಸರಿನ ಮುಂದ ಏನು ಬರದದ ಅಂತ ಕೇಳಿ, ನಿಂತಲ್ಲೇ ಕುಸಿದವರನ್ನೂ ನೋಡೀನಿ.

ಈಗ ಅವನ ಪರಿಸ್ಥಿತಿ ಏನು ಅಂತ ತಿಳಕೋ. ಅವನ ಕೈಯಾಗ ಇರೋದು ಎಂಟ್ರಿ ಪರ್ಮಿಟ್ ಅಷ್ಟೇ. ಅದು ಈಗಿನ ಕಂಪನಿ ಹೆಸರಿನ ಮ್ಯಾಲ ಹುಟ್ಟಿದ್ದು. ಒಳಗ ಬಂದ ದಿನದಿಂದ 60 ದಿನದಾಗ ಮೆಡಿಕಲ್, ಬೆರಳಚ್ಚು, ಲೇಬರ್ ಕಾಂಟ್ರಾಕ್ಟ್, ರೆಸಿಡೆನ್ಸಿ ಎಲ್ಲಾ ಮುಗೀಬೇಕು. ಮೊದಲು ಪಾಸ್‌ಪೋರ್ಟಿನಾಗ ಗುಲಾಬಿ ಸ್ಟಿಕರ್ ಹಚ್ಚತಿದ್ರು, 2022ರಿಂದ ಅದು ನಿಂತದ. ಈಗ ಎಮಿರೇಟ್ಸ್ ಐಡಿ ಕಾರ್ಡೇ ಅವನ ಇರುವಿಕೆಗೆ ಸಾಕ್ಷಿ. ಆ ಕಾರ್ಡು ಕೈಗೆ ಬರೋ ಮಟ ಅವ ಆ ದೇಶದಾಗ ಕಂಪನಿ ಬೆನ್ನಿಗೆ ಅಂಟಿಕೊಂಡೇ ನಿಂತಾನ, ಸ್ವಂತ ಕಾಲಿನ ಮ್ಯಾಲ ಅಲ್ಲ. ನಮ್ಮ ಕಡೆ ತೊಗರಿ ಇದ್ದಂಗ. ಹೊಲದಾಗ ಎಷ್ಟೇ ಛಂದ ನಿಂತಿರಲಿ, ರಾಶಿ ಆಗಿ ಚೀಲ ಕಟ್ಟೋ ಮಟ ಅದು ಮನಿ ತೊಗರಿ ಅಲ್ಲ.

ಇಂಥ ಹೊತ್ತಿನಾಗ ಹೇಳದೆ ಕೇಳದೆ ಎದ್ದು ಹೋದರ ಏನಾಗ್ತದ? ಏಳು ದಿನ ಸತತ ಕೆಲಸಕ್ಕ ಬರಲಿಲ್ಲ ಅಂದ್ರ ಕಂಪನಿ ಅಲ್ಲಿನ ಕಾರ್ಮಿಕ ಸಚಿವಾಲಯಕ್ಕ ಗೈರುಹಾಜರಿ ರಿಪೋರ್ಟ್ ಹಾಕಬಹುದು. ಆ ರಿಪೋರ್ಟ್ ಖರೇ ಅಂತ ಆದ್ರ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗಂಗಿಲ್ಲ. ಪರ್ಮಿಟ್ ಮುಗಿದ ಮ್ಯಾಲ ಅಲ್ಲೇ ಉಳದರ ದಿನಕ್ಕ 50 ದಿರ್ಹಮ್ ದಂಡ ಏರಕೋತ ಹೋಗ್ತದ. ನಾಲ್ಕು ತಿಂಗಳಿಗೆ 6,000 ಆತು, ನೋಡು. ಪಿ.ಆರ್.ಓ. ಕೇಳಿದ ಸುಳ್ಳು ರೊಕ್ಕ ತಪ್ಪಿಸಲಿಕ್ಕೆ ಹೋಗಿ ಅಷ್ಟೇ ಖರೇ ರೊಕ್ಕ ಕಟ್ಟಬೇಕಾಗ್ತದ.

ಇನ್ನು ಆ "ನಾಳಿಂದೇ ಬಾ" ಅನ್ನೋ ಕಂಪನಿ. ತನ್ನ ಕಂಪನಿ ಹೆಸರಿನ ಪರ್ಮಿಟ್ ಇಲ್ಲದೆ ಕೆಲಸಕ್ಕ ಇಟ್ಟುಕೊಂಡ ಮಾಲಕನಿಗೆ 2024ರ ತಿದ್ದುಪಡಿ ಪ್ರಕಾರ 1 ಲಕ್ಷದಿಂದ 10 ಲಕ್ಷ ದಿರ್ಹಮ್ ಮಟ ದಂಡ ಅದ. ಇಷ್ಟು ದಂಡ ಇದ್ದೂ "ಬಾ" ಅನ್ನೋ ಮಾಲಕ, ತಪಾಸಣೆಯವರು ಬಂದ ದಿವಸ ಹಿಂದಿನ ಬಾಗಲದಿಂದ ಇವನ್ನ ಹೊರಗ ಕಳಸ್ತಾನ. ಇವ ನಮ್ಮವ ಅಲ್ಲ ಅಂತಾನ. ಪಗಾರ ಕೊಡದಿದ್ರ ಇವ ಯಾವ ಕಾಗದ ಹಿಡಕೊಂಡು ಹೋಗಿ ಕೇಳಬೇಕು?

ಆದರ ಕಾನೂನು ಅವನ್ನ ಕಟ್ಟಿ ಹಾಕಿಲ್ಲ, ಇದೂ ಗೊತ್ತಿರಲಿ. ಆ ದೇಶದ, ಅಂದ್ರ ಯುಎಇದ, ಹೊಸ ಕಾರ್ಮಿಕ ಕಾನೂನು 2021ರ 33ನೇ ನಂಬರಿಂದು, 2022ರ ಫೆಬ್ರವರಿ 2ರಿಂದ ಜಾರಿ ಅದ. ಅದರ ಪ್ರಕಾರ ಪ್ರೊಬೇಷನ್ (ಪರೀಕ್ಷಾ ಅವಧಿ) ಆರು ತಿಂಗಳಿಗಿಂತ ಹೆಚ್ಚು ಇರಂಗಿಲ್ಲ. ಪ್ರೊಬೇಷನ್‌ದಾಗ ಅದೇ ದೇಶದ ಬ್ಯಾರೆ ಕಂಪನಿಗೆ ಹೋಗಬೇಕಂದ್ರ ಒಂದು ತಿಂಗಳು ಮೊದಲು ಬರವಣಿಗ್ಯಾಗ ನೋಟಿಸ್ ಕೊಡಬೇಕು. ಕರ್ಕೊಂಡು ಬಂದ ಖರ್ಚು ಯಾರು ಕೊಡಬೇಕು? ಹೊಸ ಕಂಪನಿ ಹಳೇ ಕಂಪನಿಗೆ ಕೊಡಬೇಕು. ಹುಡುಗ ಅಲ್ಲ! ನೇಮಕಾತಿ ಖರ್ಚು ಕೆಲಸಗಾರನ ಕಡಿಂದ ವಸೂಲಿ ಮಾಡಂಗೇ ಇಲ್ಲ ಅಂತ ಅದೇ ಕಾನೂನಿನಾಗ ಅದ. ಹಂಗಾಗಿ ಆ 6,000ದ ಮಾತು ಅಂಜಿಸೋ ಮಾತು. ಒಂದು ದಿರ್ಹಮ್ ಕೊಡಬ್ಯಾಡ್ರಿ, ಯಾವ ಬಿಳಿ ಹಾಳಿ ಮ್ಯಾಲೂ ಸಹಿ ಹಾಕಬ್ಯಾಡ್ರಿ.

ನಾಳೆ ನನಗ ಎರಡು ವಿಷಯ ತಿಳಿಸು. ಪಾಸ್‌ಪೋರ್ಟ್ ಯಾರ ಹತ್ರ ಅದ? ಆಫರ್ ಲೆಟರ್‌ದ ಫೋಟೋ ನಿನ್ನ ಹತ್ರ ಅದನು?

ಶಹಾಪುರ ಡ್ರೈವರ್

ಕಾಕಾ ಹೇಳಿದ್ದು ಅಕ್ಷರಾ ಅಕ್ಷರಾ ಖರೆ. ನಂದು ಸೌದಿ ಕತಿ. ಅಕ್ಕಾರ, ನೀವು ಇದನ್ನ ತಮ್ಮನಿಗೆ ಓದಿ ಹೇಳ್ರಿ.

ನಾ ಹೌಸ್ ಡ್ರೈವರ್ ವೀಸಾದ ಮ್ಯಾಲ ರಿಯಾದಿಗೆ ಹೋದೆ. ಹೋದವನಿಗೆ 90 ದಿನದಾಗ ಇಕಾಮಾ (ಅಲ್ಲಿ ಇರಲಿಕ್ಕೆ ಬೇಕಾದ ಕಾರ್ಡು) ಮಾಡಿಸಿ ಕೊಡಬೇಕು ಕಫೀಲ, ಅಂದ್ರ ವೀಸಾ ಕೊಟ್ಟ ಮಾಲಕ. ಎರಡು ತಿಂಗಳಾದ್ರೂ ಮಾಡಿಸಲಿಲ್ಲ. ಹೊರಗ ಹೋದಾಗ ತೋರಿಸಲಿಕ್ಕೆ ನನ್ನ ಹತ್ರ ಪಾಸ್‌ಪೋರ್ಟ್ ಝೆರಾಕ್ಸು, ಅದರ ಮ್ಯಾಲ ಪೆನ್ನಿನಾಗ ಬರದ ಬಾರ್ಡರ್ ನಂಬರು (ದೇಶದೊಳಗ ಬಂದಾಗ ಕೊಡೋದು). ಇಷ್ಟೇ. ಬೆವರಿಗೆ ಆ ನಂಬರಿನ ಕಡಿ ಎರಡು ಅಂಕಿ ಅಳಿಸಿ ಹೋಗಿದ್ದವು, ನಾನೇ ಮತ್ತ ತಿದ್ದಿ ಬರಕೊಂಡಿದ್ದೆ. ಅಷ್ಟರಾಗ ದಮ್ಮಾಮದಾಗಿನ ಗೆಳೆಯ ಕರದ. ನೀರಿನ ಟ್ಯಾಂಕರ್ ಹೊಡಿಯೋ ಕೆಲಸ, ಪಗಾರ ಡಬಲ್. 71ನೇ ದಿನ ಹೋಗಿಬಿಟ್ಟೆ.

ಕಫೀಲ ಹುರೂಬ್ ಹಾಕಿದ. ಅಂದ್ರ ಓಡಿ ಹೋಗ್ಯಾನ ಅಂತ. ನನಗ ಗೊತ್ತೇ ಇಲ್ಲ. ಐದು ತಿಂಗಳು ದುಡದೆ, ಮೂರು ತಿಂಗಳದ್ದು ಪಗಾರ ಕೈಗೆ ಬಂತು. ಉಳಿದದ್ದು ಕೇಳಿದ ವಾರದಾಗೇ ಚೆಕಿಂಗ್‌ದಾಗ ಸಿಕ್ಕೆ. ತರ್ಹೀಲಿನಾಗ (ವಾಪಸ್ ಕಳಿಸೋರನ್ನ ಕೂಡಿ ಹಾಕೋ ಜಾಗ) 19 ದಿನ ಇಟ್ಟು, ಬೆರಳು ಒತ್ತಿಸಿಕೊಂಡು ವಾಪಸ್ ಕಳಿಸಿದ್ರು. ಉಟ್ಟ ಬಟ್ಟಿ ಮ್ಯಾಲ ಮುಂಬೈದಾಗ ಇಳದೆ. ಈಗ ಶಹಾಪುರದಾಗ ಟೆಂಪೋ ಹೊಡೀತೀನಿ, ಸೀಜನ್‌ದಾಗ ಹತ್ತಿ ಚೀಲ ಜಿನ್ನಿಗೆ ಹಾಕತೀನಿ.

ಇನ್ನೊಂದು ಮಾತು ಎಲ್ಲರಿಗೂ. ಸೌದಿದಾಗ 2021ರ ಮಾರ್ಚ್ 14ರಿಂದ, ಒಂದು ವರ್ಷ ದುಡದಮ್ಯಾಲ ಕಫೀಲನ ಒಪ್ಪಿಗಿ ಇಲ್ಲದೆ ಕಂಪನಿ ಬದಲಿಸೋ ಅವಕಾಶ ಬಂದದ, ಕಿವಾ ಅನ್ನೋ ಆ್ಯಪ್‌ನ್ಯಾಗ ಮಾಡತಾರ. ಮೂರು ತಿಂಗಳು ಪಗಾರ ಕೊಡದಿದ್ರ, ಇಕಾಮಾ ಮುಗಿದು ಹೋಗಿದ್ರ, ಆ ಒಂದು ವರ್ಷ ಕಾಯೋದೂ ಬ್ಯಾಡ. ಆದರ ಅದು ಕಂಪನಿ ವೀಸಾದವರಿಗೆ. ಹೌಸ್ ಡ್ರೈವರ್, ಮನಿಗೆಲಸದವರು, ಕುರಿ ಕಾಯೋರು, ತೋಟದವರು ಇದರಾಗ ಬರಂಗಿಲ್ಲ, ಅವರದು ಬ್ಯಾರೆ ನಿಯಮ. ನಮ್ಮ ಯಾದಗಿರಿ ಕಡಿಂದ ಹೋಗೋರಾಗ ಇಂಥವರೇ ಬಹಳ. ಯಾರೋ ಕಂಪನಿಯವ ಸಲೀಸಾಗಿ ಬದಲಿಸಿದ ಅಂತ ಹೌಸ್ ಡ್ರೈವರ್ ಹಂಗ ಮಾಡಲಿಕ್ಕೆ ಹೋಗಬಾರದು. ನಾ ಮಾಡಿದ ತಪ್ಪು ಇದೇ. ವೀಸಾ ಯಾವ ನಮೂನಿದು ಅಂತ ಕೇಳಲೇ ಇಲ್ಲ.

ಹುಮನಾಬಾದ್ ಅಕ್ಕ (ಮಂಗಳವಾರ)

ಕಾಕಾ, ಭಾಳ ಉಪಕಾರ ಆತ್ರಿ. ಶಹಾಪುರದ ಅಣ್ಣಾ, ನಿಮ್ಮ ಮಾತು ತಮ್ಮನಿಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸೀನಿ. ಕೇಳಿ ಭಾಳ ಹೊತ್ತು ಏನೂ ಅನಲಿಲ್ಲ ಅವ.

ಪಾಸ್‌ಪೋರ್ಟ್ ಪಿ.ಆರ್.ಓ. ಹತ್ರ ಅದ, ವೀಸಾ ಕೆಲಸಕ್ಕ ಬೇಕು ಅಂತ ಒಯ್ದಾನ. ಆಫರ್ ಲೆಟರ್ ಫೋಟೋ ನನ್ನ ಮೊಬೈಲಿನಾಗ ಅದ. ಅರಬ್ಬಿ, ಇಂಗ್ಲಿಷ್, ಹಿಂದಿ ಮೂರೂ ಅದಾವ. ಕೆಳಗ ಅವನ ಸಹಿ ಮಾತ್ರ ಕನ್ನಡದಾಗ. ಪಗಾರ 1,400 ಅಂತ ಏಜೆಂಟ್ ಹೇಳಿದ್ದ. ಕಾಗದದಾಗ ನೋಡಿದ್ರ ಬೇಸಿಕ್ 800, ಭತ್ಯೆ 600 ಅಂತ ಬ್ಯಾರೆ ಬ್ಯಾರೆ ಅದ. ಇದರಿಂದ ಏನಾರ ತೊಂದರೆ ಅದೇನ್ರಿ?

ಇನ್ನೊಂದು ಹೇಳಿಲ್ಲ ನಾ. ಏಜೆಂಟ್ 85,000 ತಗೊಂಡಾನ, ರಸೀದಿ ಕೊಟ್ಟಿಲ್ಲ. ಅವ್ವನ ಬೋರಮಾಳ ಸರ ಅಡ ಇಟ್ಟು ಕೊಟ್ಟಿದ್ದು. ಅದಕ್ಕೇ ತಮ್ಮ ಹೆಚ್ಚಿನ ಪಗಾರಕ್ಕ ಆಸಿ ಬಿದ್ದಾನ. ಸರ ಬಿಡಿಸಬೇಕು ಅನ್ನೋದು ಅವನ ತಲ್ಯಾಗ ಕುಂತದ.

ಆಳಂದ ಕಾಕಾ

ತಂಗಿ, ಆಫರ್ ಲೆಟರ್ ಆ ಸರ್ಕಾರ 11 ಭಾಷೆದಾಗ ಕೊಡ್ತದ. ಹಿಂದಿ, ಉರ್ದು, ತಮಿಳು, ಮಲಯಾಳಂ, ಬಂಗಾಳಿ ಎಲ್ಲಾ ಅದಾವ, ಕನ್ನಡ ಇಲ್ಲ. ಎಷ್ಟೋ ನಮ್ಮ ಹುಡುಗರು ಓದಲಿಕ್ಕೆ ಬರದೆ ಸಹಿ ಹಾಕೋದು ನೋಡಿ ನನಗ ಸಂಕಟ ಆಗ್ತಿತ್ತು. ನೀ ಒಂದೊಂದು ಸಾಲು ಅವನಿಗೆ ಓದಿ ಹೇಳು.

ಬೇಸಿಕ್ 800 ಅಂದ್ರ ತಿಂಗಳ ಪಗಾರ 1,400 ಬರೋದು ಬರ್ತದ. ಆದರ ಮುಂದ ಗ್ರಾಚ್ಯುಟಿ (ಕೆಲಸ ಬಿಡೋವಾಗ ಕೊಡೋ ಇಡಿಗಂಟು) ಲೆಕ್ಕ ಬೇಸಿಕ್ ಮ್ಯಾಲೇ ಹಿಡೀತಾರ, ವರ್ಷಕ್ಕ 21 ದಿನದ್ದು. ಹೊಸ ಕಂಪನಿ 1,900 ಅಂತ ಬಾಯಿಲೆ ಹೇಳ್ಯಾದ. ಅದರಾಗ ಬೇಸಿಕ್ ಎಷ್ಟು? ಊಟ, ರೂಮು ಅದರಾಗೇನು? ಈಗ ರೂಮು ಕಂಪನಿದಿದ್ರ, ಅಲ್ಲಿ ಹಾಸಿಗಿ ಬಾಡಿಗಿ ಸ್ವಂತ ಕೊಡಬೇಕಾದ್ರ, ಆ 500 ಅಲ್ಲೇ ಕರಗಿ ಹೋಗ್ತದ.

ತಮ್ಮ ಆ ಕಂಪನಿಯವರಿಗೆ ಒಂದೇ ಮಾತು ಕೇಳಲಿ: "ಸಚಿವಾಲಯದ ಆಫರ್ ಲೆಟರ್ ಕಳಸ್ರಿ, ನಾ ನೋಟಿಸ್ ಕೊಟ್ಟು ಬರ್ತೀನಿ." ಖರೇ ಆಫರ್ ಲೆಟರ್ ಮ್ಯಾಲ ಟ್ರಾನ್ಸಾಕ್ಷನ್ ನಂಬರ್ ಇರ್ತದ, ಅದನ್ನ ಸಚಿವಾಲಯದ ಆ್ಯಪ್‌ನ್ಯಾಗ ಹಾಕಿ ನೋಡಬಹುದು. ಅವರು ಕಳಿಸಿದ್ರ ವಿಚಾರ ಮಾಡೋಣ. "ಮೊದಲು ಬಾ" ಅಂದ್ರ ಆ ಬಾಗಲ ಮುಚ್ಚಿತು ಅಂತ ತಿಳಿ.

ಪಾಸ್‌ಪೋರ್ಟ್ ವೀಸಾ ಕೆಲಸಕ್ಕ ಒಯ್ಯೋದು ಸಹಜ. ಕೆಲಸ ಮುಗಿದ ಮ್ಯಾಲೂ ಇಟ್ಟುಕೊಂಡ್ರ ಅದು ಕಾನೂನಿಗೆ ವಿರುದ್ಧ, ಕೇಳಿ ತಗೋಬೇಕು.

ಇನ್ನು ಡಕ್ಟ್ ಹೊರಿಸೋ ವಿಷಯ. ಕರಾರಿನಾಗ ಇದ್ದದ್ದು ಬಿಟ್ಟು ಪೂರಾ ಬ್ಯಾರೆ ಕೆಲಸ, ಅದೂ ಅವನ ಲಿಖಿತ ಒಪ್ಪಿಗಿ ಇಲ್ಲದೆ ಮಾಡಿಸಿದ್ರ, ಕಾನೂನಿನ 45ನೇ ಕಲಮಿನಾಗ ಅದಕ್ಕ ದಾರಿ ಅದ, ನೋಟಿಸ್ ಇಲ್ಲದೇನೂ ಬಿಡಬಹುದು. ಆದರ ಸಚಿವಾಲಯದಾಗ ಸಿದ್ಧ ಮಾಡಿ ತೋರಿಸಬೇಕು. ಅದಕ್ಕ ಈಗಿಂದೇ ದಿನಾ ಯಾವ ಸೈಟು, ಯಾವ ಕೆಲಸ, ಎಷ್ಟು ತಾಸು, ಒಂದು ವಹಿದಾಗ ಬರಕೊಳ್ಳಲಿ. ಸೂಪರ್‌ವೈಸರ್‌ಗೆ ವಾಟ್ಸ್‌ಆ್ಯಪ್‌ನ್ಯಾಗ ಸಭ್ಯವಾಗಿ ಬರೀಲಿ, "ಸರ್, ನನ್ನ ಕಾಂಟ್ರಾಕ್ಟ್ ಎ.ಸಿ. ಟೆಕ್ನಿಷಿಯನ್ ಅದ, ಆ ಕೆಲಸ ಕೊಡ್ರಿ" ಅಂತ. ಸಚಿವಾಲಯದ ಫೋನು 600590000. ನಮ್ಮ ದೂತಾವಾಸದ ಸಹಾಯ ಕೇಂದ್ರ 80046342, ಅಲ್ಲಿಂದ ಮಾಡಿದ್ರ ರೊಕ್ಕ ಬೀಳಂಗಿಲ್ಲ.

ಏಜೆಂಟಿನ ಮಾತು ಬ್ಯಾರೆ. ಭಾರತ ಸರ್ಕಾರದ ನೋಂದಾಯಿತ ಏಜೆಂಟ್ 30,000 ಮತ್ತು ಅದರ ಮ್ಯಾಲ ಜಿಎಸ್‌ಟಿ, ಇದಕ್ಕಿಂತ ಹೆಚ್ಚು ತಗೊಳ್ಳಂಗಿಲ್ಲ. ಇ-ಮೈಗ್ರೇಟ್ ಜಾಲತಾಣದಾಗ ನೋಂದಾಯಿತರ ಪಟ್ಟಿ ಅದ, ಅವನ ಹೆಸರು ಅದನೋ ಇಲ್ಲೋ ನೋಡು. ಇರದಿದ್ರ ಅಲ್ಲೇ ದೂರು ಹಾಕು. ಫೋನ್ ಪೇ ಮಾಡಿದ್ದು, ಬ್ಯಾಂಕಿಂದ ತಗದದ್ದು, ಏನಿದ್ರೂ ತಗದಿಡು.

ಚಿಂಚೋಳಿ ಹುಡುಗ

ಕಾಕಾ, ನಿಮ್ಮ ಮಾತಿಗೆ ಎದುರಾಡ್ತೀನಿ ಅಂತ ಅನ್ಕೋಬ್ಯಾಡ್ರಿ. ನೋಟಿಸ್ ಕೊಡು ಅಂತೀರಿ. ನೋಟಿಸ್ ಕೊಟ್ಟ ಮರುದಿನವೇ ಕಂಪನಿ ಪರ್ಮಿಟ್ ಕ್ಯಾನ್ಸಲ್ ಮಾಡಿ, ಟಿಕೆಟ್ ತಗದು, ಮನಿಗೆ ಹೋಗು ಅಂದ್ರ? ಬಡ ಹುಡುಗ ಏನು ಮಾಡಬೇಕು? ಕಾನೂನು ಪುಸ್ತಕದಾಗ ಇರ್ತದ, ಕ್ಯಾಂಪಿನಾಗ ಸೂಪರ್‌ವೈಸರ್ ಹೇಳಿದ್ದೇ ನಡೀತದ. ನಾ ನೋಡೀನಿ.

ಆಳಂದ ಕಾಕಾ

ನೀ ಹೇಳಿದ್ದು ಸುಳ್ಳಲ್ಲ ತಮ್ಮ. ಹಂಗ ಆಗ್ತದ. ಅದಕ್ಕೇ ನನ್ನ ಸಲಹೆ, ನೋಟಿಸ್ ಸಹಿತ ಈಗ ಕೊಡೋದು ಬ್ಯಾಡ. ಕಾರ್ಡು ಬರಲಿ. ಇನ್ನ ಹೆಚ್ಚಂದ್ರ ಐದು ವಾರದ ಮಾತು. ಕಾರ್ಡು ಬರೋಕಿಂತ ಮುಂಚೆ ಕಂಪನಿ ಕೈ ಬಿಟ್ಟರ ಇವನ ಹತ್ರ ಒಂದು ಎಂಟ್ರಿ ಪರ್ಮಿಟ್, ಅದೂ ರದ್ದಾಗಿದ್ದು. ಕಾರ್ಡು, ಸಹಿ ಆದ ಕಾಂಟ್ರಾಕ್ಟ್, ಬ್ಯಾಂಕಿಗೆ ಬಂದ ಒಂದು ಪಗಾರ, ಇವು ಮೂರು ಕೈಯಾಗಿದ್ರ ಇವ ಸಚಿವಾಲಯದ ಲೆಕ್ಕದಾಗ ಬಂದ ಕಾರ್ಮಿಕ. ಆಗ ನೋಟಿಸ್ ಕೊಟ್ಟರ ಕಂಪನಿ ಸಿಟ್ಟಿಗೆದ್ದರೂ ಇವನ ಮಾತಿಗೆ ಬೆಲಿ ಅದ. ಅದೇ ಹೊಸ ಕಂಪನಿ ಖರೇ ಇದ್ರ ಎರಡು ತಿಂಗಳು ಕಾಯ್ತದ. ಎ.ಸಿ. ಕೆಲಸದವರು ಬ್ಯಾಸಗಿದಾಗ ಶಾರ್ಜಾದಾಗ ಯಾವಾಗಲೂ ಬೇಕು.

ಕಲಬುರಗಿ ನರ್ಸ್

ನನ್ನ ಅನುಭವ ಬೇರೆ ದೇಶದ್ದು, ಆದರೂ ಬರೆಯುತ್ತೇನೆ, ಆಸ್ಪತ್ರೆ ಕೆಲಸಕ್ಕೆ ಹೋಗುವ ನಮ್ಮ ಹುಡುಗಿಯರಿಗೆ ಉಪಯೋಗವಾಗಲಿ ಅಂತ. ನಾನು ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಆಯ್ಕೆಯಾಗಿ ವೀಸಾ ಅರ್ಜಿ ತುಂಬಿದ ಮೇಲೆ ಇನ್ನೊಂದು ಕಡೆಯಿಂದ ಒಳ್ಳೆಯ ಆಫರ್ ಬಂತು. ಅಲ್ಲಿ ವೀಸಾ ಅನ್ನೋದು ಉದ್ಯೋಗದಾತರು ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ನಂಬರಿಗೆ ಕಟ್ಟಿರುತ್ತದೆ. ಒಬ್ಬರ ನಂಬರಿನ ಮೇಲೆ ವೀಸಾ ತೆಗೆದುಕೊಂಡು ಇನ್ನೊಬ್ಬರ ಹತ್ತಿರ ಕೆಲಸಕ್ಕೆ ಸೇರುವ ಹಾಗಿಲ್ಲ. ಆ ನಂಬರು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು.

ನಾನು ಮೊದಲಿನವರಿಗೆ ಇಮೇಲ್ ಬರೆದು ತಿಳಿಸಿ, ಎರಡನೆಯವರ ನಂಬರು ಕೈಗೆ ಬಂದ ಮೇಲೇ ಮೊದಲ ಅರ್ಜಿ ಹಿಂದಕ್ಕೆ ತೆಗೆದುಕೊಂಡು ಹೊಸದು ಹಾಕಿದೆ. ಬೆರಳಚ್ಚು ಕೊಡುವ ಮುಂಚೆ ಹಿಂತೆಗೆದುಕೊಂಡರೆ ಫೀಸು ವಾಪಸ್ ಬರುತ್ತದೆ, ಕೊಟ್ಟ ಮೇಲೆ ಬರುವುದಿಲ್ಲ. ನಾನು ಹೈದರಾಬಾದಿನಲ್ಲಿ ಬೆರಳಚ್ಚು ಕೊಟ್ಟು ಬಂದಿದ್ದೆ. ಆ ಫೀಸು ಹೋಯಿತು. ಅಷ್ಟಾದರೂ ಸರಿಯಾದ ದಾರಿಯಲ್ಲೇ ಹೋದೆ ಅನ್ನುವ ನೆಮ್ಮದಿ ಇದೆ.

ಹುಮನಾಬಾದ್ ಅಕ್ಕ (ಐದು ವಾರದ ಮ್ಯಾಲ)

ಎಲ್ಲರೂ ಏನಾತು ಅಂತ ಕೇಳಲಕತ್ತೀರಿ, ತಡ ಆಗಿದ್ದಕ್ಕ ಕ್ಷಮಿಸ್ರಿ.

ಕಾಕಾ ಹೇಳಿದಂಗ ತಮ್ಮ ಆ ಕಂಪನಿಯವನಿಗೆ ಆಫರ್ ಲೆಟರ್ ಕೇಳಿದ. ಮೊದಲ ದಿನ "ಕಳಸ್ತೀನಿ" ಅಂದ. ಎರಡನೇ ದಿನ "15 ದಿನ ಟ್ರಯಲ್ ಮಾಡು, ಆಮ್ಯಾಲ" ಅಂದ. ಮೂರನೇ ದಿನ ಫೋನೇ ಎತ್ತಲಿಲ್ಲ. ಸೇಡಂ ಹುಡುಗ ಮಾತ್ರ ಅಲ್ಲಿಗೆ ಹೋದ. ಅವನದು ಹಳೇ ವೀಸಾ ಇತ್ತು, ಏನು ಮಾಡಿಕೊಂಡಾನೋ ಪಾಪ, ಈಗ ತಮ್ಮನ ಮೆಸೇಜಿಗೆ ಉತ್ತರ ಕೊಡವಲ್ಲ. ಅವನ ಮನಿಯವರು ಯಾರಾರ ಇದನ್ನ ಓದಿದ್ರ ನನಗ ತಿಳಿಸ್ರಿ.

ನಮ್ಮವ ವಹಿದಾಗ ದಿನಾ ಬರಕೊಂಡ. 17 ದಿನದ್ದು ಬರದು, ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿದ. ಆತ ಎಲ್ಲರ ಮುಂದ ಬೈದನಂತ. ಆದರ ವಾರ ಬಿಟ್ಟು ಎಂಜಿನಿಯರ್ ಕರದು, "ಗ್ಯಾಸ್ ಚಾರ್ಜ್ ಮಾಡಲಿಕ್ಕೆ ಬರ್ತದನು?" ಅಂತ ಕೇಳಿ, ಎರಡು ಬಿಲ್ಡಿಂಗಿನ ಸರ್ವಿಸಿಗೆ ಹಾಕ್ಯಾನ. ತಗಡು ಹೊರೋದು ಪೂರಾ ನಿಂತಿಲ್ಲ, ವಾರದಾಗ ಎರಡು ದಿನ ಇನ್ನೂ ಅದ.

ಮೊನ್ನೆ ಗುರುವಾರ ಎಮಿರೇಟ್ಸ್ ಐಡಿ ಬಂತು. ಬೆರಳು ತಡಮಾಡಿ ಕೊಡಿಸಿದ್ರು, 57ನೇ ದಿನ ಬಂದದ, ಅಲ್ಲೀಮಟ ನಾ ದಿನಾ ಎಣಿಸೀನಿ. ಕಾರ್ಡಿನ ಹಿಂಭಾಗದ ಫೋಟೋ ಕಳಿಸಿದ, ಹುದ್ದೆ ಅಂತಿದ್ದಲ್ಲಿ ಎ.ಸಿ. ಟೆಕ್ನಿಷಿಯನ್ ಅಂತೇ ಅದ. ಪಾಸ್‌ಪೋರ್ಟ್ ಕೇಳಿದ, ಎರಡು ಸಲ ಕೇಳಿದ ಮ್ಯಾಲ ಕೊಟ್ಟಾರ. ಪಗಾರ 1,400 ಬ್ಯಾಂಕಿಗೆ ಬಿದ್ದದ. ಅದರಾಗ 1,000 ಊರಿಗೆ ಕಳಿಸ್ಯಾನ. ಬೋರಮಾಳದ ಬಡ್ಡಿ ತುಂಬೀವಿ, ಅಸಲು ಹಂಗೇ ಅದ.

ಏಜೆಂಟ್ ಪಟ್ಟಿದಾಗ ಇಲ್ಲ. ಇ-ಮೈಗ್ರೇಟಿನಾಗ ದೂರು ಹಾಕೀನಿ, ನಂಬರು ಬಂದದ. ಅವ ಈಗ ನಮ್ಮ ಓಣ್ಯಾಗ ಬರೋದು ಬಿಟ್ಟಾನ.

ಶಹಾಪುರ ಡ್ರೈವರ್

ಅಕ್ಕಾರ, ಓದಿ ನನ್ನ ಕಣ್ಣಾಗ ನೀರು ಬಂತು. ತಮ್ಮ ಬಚಾವಾದ.

ಬಸವಕಲ್ಯಾಣ ಭಾವ

ಕಾಕಾ, ನಮಸ್ಕಾರ. ನಮ್ಮ ಹೆಂಡತಿ ತಮ್ಮನ್ನ ಏಜೆಂಟ್ ಒಬ್ಬ ಬರೋ ಬುಧವಾರ ದುಬೈಗೆ ವಿಜಿಟ್ ವೀಸಾದ ಮ್ಯಾಲ ಕಳಸ್ತೀನಿ ಅನ್ನಲಕತ್ತಾನ. ಹೋಗಿ ಕೆಲಸಕ್ಕ ಹತ್ತಿದ ಮ್ಯಾಲ ಕಂಪನಿಯೇ ವೀಸಾ ಬದಲಿಸ್ತದ ಅಂತ. ಹತ್ತನೇ ಫೇಲು ಆಗ್ಯಾನ.

ಆಳಂದ ಕಾಕಾ

ಕಳಸಬ್ಯಾಡ್ರಿ. ವಿಜಿಟ್ ವೀಸಾದ ಮ್ಯಾಲ ಅಲ್ಲಿ ಒಂದು ದಿನ ದುಡದರೂ ತಪ್ಪು. ಹತ್ತನೇ ಪಾಸಾಗದವನ ಪಾಸ್‌ಪೋರ್ಟು ಇಸಿಆರ್ ಇರ್ತದ, ಅಂಥವ ದುಡಿಯಲಿಕ್ಕೆ ಹೋಗಬೇಕಂದ್ರ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದ್ರ ಭಾರತ ಸರ್ಕಾರದ ಪರವಾನಗಿ, ಬೇಕೇ ಬೇಕು. ಅದನ್ನ ತಪ್ಪಿಸಲಿಕ್ಕೇ ಏಜೆಂಟ್ ವಿಜಿಟ್ ಅನ್ನಲಕತ್ತಾನ. ಸರಿಯಾದ ದಾರಿಲೆ ಹೋದರ ಪ್ರವಾಸಿ ಭಾರತೀಯ ವಿಮೆ ಸಿಗ್ತದ, ಎರಡು ವರ್ಷಕ್ಕ 275 ರೂಪಾಯಿ, ಅಪಘಾತದಾಗ ತೀರಿಕೊಂಡ್ರ ಮನಿಗೆ 10 ಲಕ್ಷ. ಮುಂದ ಕಂಪನಿ ಬದಲಾದ್ರೂ ಆ ವಿಮೆ ಹಂಗೇ ನಡೀತದ. ವಿಜಿಟ್‌ದಾಗ ಹೋದವನಿಗೆ ಇದ್ಯಾವುದೂ ಇಲ್ಲ.

ಏಜೆಂಟಿಗೆ ಎಷ್ಟು ಕೊಟ್ಟೀರಿ? ಪಾಸ್‌ಪೋರ್ಟ್ ನಿಮ್ಮ ಹತ್ರ ಅದನೋ, ಅವನ ಹತ್ರ ಅದನೋ? ಇವತ್ತೇ ಬರೀರಿ, ಬುಧವಾರಕ್ಕ ನಾಲ್ಕೇ ದಿನ ಉಳದದ.

ಬಸವಕಲ್ಯಾಣ ಭಾವ

20,000 ಕೊಟ್ಟೀವಿ ಕಾಕಾ. ಪಾಸ್‌ಪೋರ್ಟ್ ಅವನ ಹತ್ರ ಅದ. ಈಗ ಗಾಡಿ ತಗೊಂಡು ಅವನ ಮನಿಗೇ ಹೊಂಟೀನಿ.